ಕಾದ ತಾರಸಿಗೆ ತಡೆ: ಖರ್ಚೆಷ್ಟು, ಉಳಿತಾಯವೆಷ್ಟು?

ಬೇಸಿಗೆಯ ಸಂಜೆ ಏಳರ ಹೊತ್ತಿಗೆ ಹೊರಗೆ ಗಾಳಿ ತಣ್ಣಗಾಗತೊಡಗಿದ್ದರೂ ಮೇಲಂತಸ್ತಿನ ಮನೆಯ ಕೋಣೆ ಮಾತ್ರ ಒಲೆಯ ಮಗ್ಗುಲಿನಂತೆ ಕಾದಿರುತ್ತದೆ. ಫ್ಯಾನ್ ಹಾಕಿದರೆ ಸೂರಿನ ಬಿಸಿಯೇ ಕೆಳಗಿಳಿಯುತ್ತದೆ. ಕಲಬುರ್ಗಿ, ರಾಯಚೂರು, ಬಳ್ಳಾರಿಯವರಿಗೆ ಇದು ಹೊಸ ಮಾತಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ತಾಪಮಾನ ಕಂಡ ಬೆಂಗಳೂರಿಗೂ ಈಗ ಇದು ಪರಿಚಿತ ಅನುಭವ. ಚಾವಣಿಗೆ ಬಿಳಿ ಲೇಪನ ಬಳಿಯುವ, ಉಷ್ಣನಿರೋಧಕ ಹಲಗೆ ಹೊದಿಸುವ ವ್ಯಾಪಾರ ಇದರಿಂದಲೇ ಬೆಳೆದಿದೆ. ‘ವಿದ್ಯುತ್ ಬಿಲ್ ಅರ್ಧಕ್ಕಿಳಿಯುತ್ತದೆ’ ಎಂಬ ಭರವಸೆಯೂ ಅದರ ಜೊತೆಯಲ್ಲೇ ಮಾರಾಟವಾಗುತ್ತದೆ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಕಾಣುವ ಚಿತ್ರ ಸ್ವಲ್ಪ ಬೇರೆಯೇ.

<b>ಬಿಸಿ ಬರುವುದು ಮೇಲಿನಿಂದ</b>

ಕರ್ನಾಟಕದಲ್ಲಿ ಬೇಸಿಗೆಯ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿಯೂ ಮೇ ಎರಡನೇ ವಾರದ ಸುಮಾರಿಗೆ ಕಲಬುರ್ಗಿಯಲ್ಲಿಯೂ ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಬೀಳದ ದಿನವೊಂದು ಬರುತ್ತದೆ. ಆಗ ಗೋಡೆಗಳಿಗೆ ಬಿಸಿಲು ಓರೆಯಾಗಿ ತಾಗಿದರೆ, ತಾರಸಿಗೆ ನೇರವಾಗಿ ಸುರಿಯುತ್ತದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಬೀಳುವ ಶಕ್ತಿ ಹತ್ತಿರಹತ್ತಿರ 1,000 ವಾಟ್, ಅಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಮಾಸಿದ ಕಾಂಕ್ರೀಟು ಅದರಲ್ಲಿ ಮೂರನೇ ಎರಡರಷ್ಟನ್ನು ಹೀರಿಕೊಳ್ಳುತ್ತದೆ. ಮೇಲ್ಮೈ 60 ಡಿಗ್ರಿ ಸಮೀಪಿಸುವುದೂ ಉಂಟು.

ಹೀರಿದ ಬಿಸಿ ತಕ್ಷಣ ಕೆಳಗಿಳಿಯುವುದಿಲ್ಲ. ಐದಾರು ಅಂಗುಲದ ಆರ್‌ಸಿಸಿ ಹಲಗೆಯನ್ನು ದಾಟಲು ಅದಕ್ಕೆ ನಾಲ್ಕೈದು ತಾಸು ಬೇಕು. ಮಧ್ಯಾಹ್ನ ಎರಡರ ಕಾವು ಒಳಮೈಗೆ ತಲುಪುವಾಗ ಸಂಜೆ ಆರೇಳಾಗಿರುತ್ತದೆ. ಮನೆಮಂದಿಯೆಲ್ಲ ಮನೆ ಸೇರುವ ಹೊತ್ತೂ ಅದೇ.

ಬಿಜಾಪುರದ ಕಡೆಯ ಹಳೆಯ ಮಣ್ಣಿನ ಮಾಳಿಗೆಗೆ ಈ ತೊಂದರೆ ಇರಲಿಲ್ಲ. ದಪ್ಪನೆಯ ಮಣ್ಣಿನ ಪದರವೇ ಅಲ್ಲಿ ತಡೆಯಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯಿಂದ ಆರಂಭವಾದ ಮಂಗಳೂರು ಹೆಂಚು ಸಂದುಗಳಲ್ಲಿ ಗಾಳಿಯಾಡಲು ಬಿಟ್ಟು ಬಿಸಿಯನ್ನು ಹೊರಕ್ಕೆ ಕಳಿಸುತ್ತಿತ್ತು. ಆರ್‌ಸಿಸಿ ತಾರಸಿ ಗಟ್ಟಿತನವನ್ನೂ ಮೇಲೊಂದು ಅಂತಸ್ತು ಕಟ್ಟುವ ಅವಕಾಶವನ್ನೂ ಕೊಟ್ಟಿತು; ತಂಪನ್ನು ಕೊಡಲಿಲ್ಲ.

<b>ಎರಡು ದಾರಿ</b>

ಬಿಸಿಲು ಹೀರದಂತೆ ಹಿಂದಕ್ಕೆ ಕಳಿಸುವುದು ಮೊದಲನೆಯ ದಾರಿ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪನ ಬಿದ್ದ ಬಿಸಿಲಿನ ಶೇ 80ರಷ್ಟನ್ನು ಪ್ರತಿಫಲಿಸಬಲ್ಲದು. ಸುಣ್ಣ, ಬಿಳಿ ಟೈಲ್ಸ್ ಚೂರುಗಳನ್ನು ಹಾಸುವ ಚೀನಾ ಮೊಸಾಯಿಕ್, ಕಾರ್ಖಾನೆಯಲ್ಲಿ ತಯಾರಾದ ಲೇಪನ, ಎಲ್ಲದರ ತತ್ವ ಒಂದೇ. ಧೂಳು ಕೂತಂತೆ ಬಿಳುಪು ಕುಗ್ಗುತ್ತದೆ. ಒಂದೆರಡು ವರ್ಷದಲ್ಲಿ ಪ್ರತಿಫಲನ ಶೇ 60ಕ್ಕೆ ಇಳಿಯುವುದು ಸಾಮಾನ್ಯ. ಬೇಸಿಗೆಗೆ ಮುನ್ನ ತಾರಸಿ ತೊಳೆಯದವರು ಲೇಪನವನ್ನು ದೂರುವುದರಲ್ಲಿ ಅರ್ಥವಿಲ್ಲ.

ಹೀರಿದ ಬಿಸಿ ಒಳಗಿಳಿಯದಂತೆ ತಡೆಯುವುದು ಎರಡನೆಯ ದಾರಿ. ಥರ್ಮೋಕೋಲ್, ಎಕ್ಸ್‌ಪಿಎಸ್ ಹಲಗೆ, ಪಫ್ ಎಂದು ಕರೆಯುವ ಪಾಲಿಯುರೆಥೇನ್ ನೊರೆ, ಇವೆಲ್ಲವೂ ಪುಟ್ಟ ಪುಟ್ಟ ಕೋಶಗಳಲ್ಲಿ ಗಾಳಿ ಅಥವಾ ಅನಿಲವನ್ನು ಸೆರೆಹಿಡಿದು ತಡೆಯೊಡ್ಡುತ್ತವೆ. ಬರಿಯ ಕಾಂಕ್ರೀಟ್ ತಾರಸಿಯ ಒಂದು ಚದರ ಮೀಟರ್‌ನಲ್ಲಿ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ವಾಟ್ ಬಿಸಿ ಹರಿಯುತ್ತದೆ. ಎರಡಂಗುಲದ ಥರ್ಮೋಕೋಲ್ ಸೇರಿಸಿದರೆ ಅದು 0.6 ವಾಟ್‌ಗೆ, ಅಂದರೆ ಐದನೇ ಒಂದಕ್ಕೆ ಇಳಿಯುತ್ತದೆ. ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ವಸತಿ ಕಟ್ಟಡಗಳ ಚಾವಣಿಗೆ ವಿಧಿಸಿದ ಮಿತಿ 1.2 ವಾಟ್. ಇದನ್ನು ಮುಟ್ಟಲು ಮುಕ್ಕಾಲು ಅಂಗುಲದಷ್ಟು ಪದರವೇ ಸಾಕು ಎಂಬುದು ಗಮನಾರ್ಹ. ಮೊದಲ ಅಂಗುಲ ಮಾಡುವ ಕೆಲಸವನ್ನು ಮೂರನೆಯ ಅಂಗುಲ ಮಾಡುವುದಿಲ್ಲ.

<b>ರೂಪಾಯಿಯ ಲೆಕ್ಕ</b>

120 ಚದರ ಅಡಿಯ ಮಲಗುವ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಬೇಸಿಗೆಯ ರಾತ್ರಿ ಎಂಟು ತಾಸು ಎ.ಸಿ. ಓಡುತ್ತದೆ, ಸೂರಿನಿಂದ ಚದರ ಮೀಟರಿಗೆ 40 ವಾಟ್‌ನಂತೆ ಬಿಸಿ ಇಳಿಯುತ್ತದೆ ಎಂದು ಹಿಡಿಯೋಣ. ಹನ್ನೊಂದು ಚದರ ಮೀಟರಿಗೆ ಒಟ್ಟು ಮೂರೂವರೆ ಯೂನಿಟ್‌ನಷ್ಟು ಬಿಸಿಯಾಯಿತು. ಅದನ್ನು ಹೊರದಬ್ಬಲು ಎ.ಸಿ.ಗೆ ಬೇಕಾಗುವ ವಿದ್ಯುತ್ ಅದರ ಮೂರನೇ ಒಂದು ಭಾಗ ಮಾತ್ರ, ಅಂದರೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಉಷ್ಣನಿರೋಧಕ ಇದರ ಶೇ 80ರಷ್ಟನ್ನು ತಡೆದರೆ ರಾತ್ರಿಗೆ 0.9 ಯೂನಿಟ್ ಉಳಿಯಿತು. ನೂರು ರಾತ್ರಿಗೆ 90 ಯೂನಿಟ್. ಯೂನಿಟ್‌ಗೆ ಆರೂವರೆ ರೂಪಾಯಿಯಂತೆ ವರ್ಷಕ್ಕೆ 600 ರೂಪಾಯಿಯೂ ಆಗಲಿಲ್ಲ.

ನೊರೆಹಲಗೆ, ಅದರ ಮೇಲಿನ ಗಾರೆ, ನೀರುತಡೆ, ಕೂಲಿ ಸೇರಿ ಚದರ ಅಡಿಗೆ 120 ರೂಪಾಯಿ ತಗುಲಿದರೆ ಆ ಕೋಣೆಯೊಂದಕ್ಕೇ 14,400 ರೂಪಾಯಿ ಬೇಕು. ಹಾಕಿದ ಹಣ ಹಿಂದಿರುಗಲು ಸುಮಾರು 25 ವರ್ಷ! ಚದರ ಅಡಿಗೆ 20 ರೂಪಾಯಿಯ ಬಿಳಿ ಲೇಪನಕ್ಕೆ 2,400 ರೂಪಾಯಿ ಸಾಕು. ಅದು ಹೆಚ್ಚುಕಡಿಮೆ ಅರ್ಧದಷ್ಟು ಬಿಸಿಯನ್ನು ತಡೆದು ವರ್ಷಕ್ಕೆ 300 ರೂಪಾಯಿಯ ಆಸುಪಾಸು ಉಳಿಸುತ್ತದೆ. ನಾಲ್ಕೈದು ವರ್ಷಕ್ಕೆ ಮತ್ತೆ ಬಳಿಯಬೇಕಾಗುವುದರಿಂದ ಅಲ್ಲಿಯೂ ಲೆಕ್ಕ ಸರಿಹೋಗುವುದಿಲ್ಲ. ದರಗಳು ಊರಿಂದೂರಿಗೆ ಬೇರೆಯಾದರೂ ಗುತ್ತಿಗೆದಾರ ಹೇಳಿದ ದರವನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಬಹುದು.

ಹಗಲಿಡೀ ಎ.ಸಿ. ಓಡುವ ಮೇಲಂತಸ್ತಿನ ಕಚೇರಿ, ದವಾಖಾನೆಗಳ ಕಥೆ ಬೇರೆ. 1,000 ಚದರ ಅಡಿ, ದಿನಕ್ಕೆ ಹತ್ತು ತಾಸು, ವರ್ಷಕ್ಕೆ 200 ದಿನ ಎಂದಿಟ್ಟುಕೊಂಡರೆ ಬಿಳಿ ಲೇಪನವೊಂದೇ ಸುಮಾರು 1,000 ಯೂನಿಟ್ ಉಳಿಸುತ್ತದೆ. ಯೂನಿಟ್‌ಗೆ ಎಂಟು ರೂಪಾಯಿಯಂತೆ 20,000 ರೂಪಾಯಿಯ ಖರ್ಚು ಎರಡೂವರೆ ವರ್ಷದಲ್ಲಿ ಹಿಂದಿರುಗುತ್ತದೆ. ಹಲಗೆ ಹೊದಿಸಿದರೂ ಎಂಟೊಂಬತ್ತು ವರ್ಷ ಸಾಕು.

ಮನೆಗಳಿಗೂ ಒಂದು ವಿನಾಯಿತಿಯುಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. ಬೇಸಿಗೆಯಲ್ಲಿ 205, 210ರ ಗಡಿಯಲ್ಲಿ ತೂಗಾಡುವ ಮನೆಗೆ ತಿಂಗಳಿಗೆ 15 ಯೂನಿಟ್‌ನ ಉಳಿತಾಯವೇ ಸಾವಿರಕ್ಕೂ ಮಿಕ್ಕಿದ ರೂಪಾಯಿಯಾಗಬಹುದು. ಅಂಥವರು ಹಿಂದಿನ ವರ್ಷದ ಏಪ್ರಿಲ್, ಮೇ ಬಿಲ್ಲುಗಳನ್ನು ತೆಗೆದು ನೋಡುವುದೊಳಿತು. ಎ.ಸಿ. ಕೊಳ್ಳುವ ಯೋಚನೆಯಲ್ಲಿರುವವರಿಗೂ ಮೊದಲು ಚಾವಣಿ ಸರಿಪಡಿಸುವುದೇ ಲಾಭ. ಒಂದೂವರೆ ಟನ್ನಿನ ಬದಲು ಒಂದು ಟನ್ನಿನ ಯಂತ್ರ ಸಾಕಾದೀತು.

<b>ಫ್ಯಾನಿನ ಮನೆಗೆ</b>

ಎ.ಸಿ. ಇಲ್ಲದ ಮನೆಯಲ್ಲಿ ಉಳಿಸಲು ವಿದ್ಯುತ್ತೇ ಇಲ್ಲ. ಅಲ್ಲಿ ಗಳಿಕೆಯಾಗುವುದು ನಿದ್ದೆ. ವೃದ್ಧರು, ಹಸುಗೂಸು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು ಇರುವ ಮನೆಯಲ್ಲಿ ಅದರ ಬೆಲೆ ಯಾವ ಮೀಟರಿನಲ್ಲೂ ಕಾಣುವುದಿಲ್ಲ. ತಗಡು, ಸಿಮೆಂಟ್ ಶೀಟಿನ ಒಂಟಿ ಹೊದಿಕೆಯ ಮನೆಗಳಲ್ಲಿ ಬಿಳಿ ಬಣ್ಣದ ಪರಿಣಾಮ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಬಿಸಿಲಿಗೂ ತಲೆಗೂ ನಡುವೆ ಬೇರೇನೂ ಇಲ್ಲ. ಅಹಮದಾಬಾದ್ ನಗರ 2017ರಲ್ಲಿ ಬಡವರ ಬಡಾವಣೆಗಳ ಚಾವಣಿಗೆ ಬಿಳಿ ಬಳಿಸತೊಡಗಿದ್ದು ಈ ಕಾರಣಕ್ಕೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು.

<b>ಕೆಲಸ ಹಿಡಿಯುವ ಮುನ್ನ</b>

ಸೋರುವ ತಾರಸಿಯ ಮೇಲೆ ಏನನ್ನೂ ಹೊದಿಸಬಾರದು. ಬಿರುಕು ಮುಚ್ಚಿ, ನೀರುತಡೆ ಮುಗಿಸಿ, ಇಳಿಜಾರು ಸರಿಯಿದೆಯೇ ಎಂದು ನೀರು ಹೊಯ್ದು ನೋಡಿದ ಬಳಿಕವೇ ಮುಂದಿನ ಹೆಜ್ಜೆ. ಒದ್ದೆಯಾದ ನಿರೋಧಕ ನಿರೋಧಕವಾಗಿ ಉಳಿಯುವುದಿಲ್ಲ. ಹಲಗೆಯನ್ನು ತಾರಸಿಯ ಮೇಲೆ ಹಾಕುವುದೇ ಉತ್ತಮ. ಒಳಗಿನ ಫಾಲ್ಸ್ ಸೀಲಿಂಗ್‌ನಲ್ಲಿ ಹಾಕಿದರೆ ಕೋಣೆ ತಣ್ಣಗಾದೀತು, ಆದರೆ ಮೇಲಿನ ಕಾಂಕ್ರೀಟು ದಿನವೂ ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ನಿಲ್ಲುವುದಿಲ್ಲ. ಸೌರಫಲಕ ಕೂರಿಸುವ ಇರಾದೆಯಿದ್ದರೆ ಅದರ ನೆರಳು ಬೀಳುವಷ್ಟು ಜಾಗಕ್ಕೆ ಬೇರೆ ಖರ್ಚು ಮಾಡಬೇಕಾಗಿಲ್ಲ.

ಮೇಲಂತಸ್ತಿನ ಬಾಡಿಗೆದಾರರದ್ದು ಮಾತ್ರ ಇಕ್ಕಟ್ಟಿನ ಸ್ಥಿತಿ. ತಾರಸಿ ಮಾಲೀಕರದ್ದು, ಬಿಲ್ಲು ಮತ್ತು ಬೆವರು ಬಾಡಿಗೆದಾರರದ್ದು. ಬಿಸಿಲಿನ ಹೊಡೆತ ತಗ್ಗಿದರೆ ಕಾಂಕ್ರೀಟಿನ ಬಾಳಿಕೆ ಹೆಚ್ಚುತ್ತದೆ ಎಂಬ ಮಾತನ್ನು ಮಾಲೀಕರು ಬೇಗ ಒಪ್ಪುತ್ತಾರೆ. ಲೇಪನದ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವ ಮಾತುಕತೆಗೆ ಜನವರಿ, ಫೆಬ್ರುವರಿ ತಕ್ಕ ಕಾಲ. ಮಾರ್ಚ್ ಕಳೆದರೆ ಬಣ್ಣ ಬಳಿಯುವವರು ಸಿಗುವುದೂ ಕಷ್ಟ.