ಫ್ರಿಡ್ಜ್ ದುರಸ್ತಿ: ಗ್ರಾಹಕರಿಗೆ ಮಾಹಿತಿ

ಕಲಬುರಗಿ ನಗರ ಹಾಗೂ ಕಮಲಾಪುರದ ಗ್ರಾಹಕರು ಫ್ರಿಡ್ಜ್ ತಂಪಾಗದಿದ್ದಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು.

1. ಪ್ಲಗ್ ತೆಗೆದು, ಫ್ರೀಜರ್‌ನಲ್ಲಿ ಕಟ್ಟಿದ ಮಂಜನ್ನು ತಾನಾಗಿಯೇ ಕರಗಲು ಬಿಡುವುದು. ಚಾಕುವಿನಿಂದ ಕೆರೆಯಬಾರದು; ಕೊಳವೆ ತೂತಾದಲ್ಲಿ ಅನಿಲ ಸೋರುತ್ತದೆ.

2. ಬಾಗಿಲಿನ ರಬ್ಬರನ್ನೂ ಹಿಂಬದಿಯ ಧೂಳನ್ನೂ ಸ್ವಚ್ಛಗೊಳಿಸುವುದು.

3. ವೋಲ್ಟೇಜ್ ಏರಿಳಿತವಿದ್ದಲ್ಲಿ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸುವುದು.

4. ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಮತ್ತೆ ಮಂಜು ಕಟ್ಟಿದಲ್ಲಿ ಹೀಟರ್ ಅಥವಾ ಸೆನ್ಸರ್ ದೋಷವಿರಬಹುದು. ವಾರಂಟಿ ಇದ್ದಲ್ಲಿ ಅಧಿಕೃತ ಸೇವಾ ಕೇಂದ್ರದಿಂದಲೇ ದುರಸ್ತಿ ಮಾಡಿಸಿ, ಬಿಲ್ಲು ಹಾಗೂ ದುರಸ್ತಿ ಚೀಟಿಗಳನ್ನು ಕಾಯ್ದಿರಿಸುವುದು.

5. ವಾರಂಟಿಯಿದ್ದೂ ದುರಸ್ತಿ ಮಾಡಿಕೊಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರನ್ವಯ 2 ವರ್ಷಗಳೊಳಗೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಫ್ರಿಡ್ಜನ್ನು ಬೇರೆ ಜಿಲ್ಲೆಯಲ್ಲಿ ಖರೀದಿಸಿದ್ದರೂ ಇಲ್ಲಿನ ನಿವಾಸಿಗಳು ಇಲ್ಲಿಯೇ ದೂರು ನೀಡಬಹುದು. ಪಾವತಿಸಿದ ಬೆಲೆ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.