ಶೆಡ್ಡಿಗೆ ಅಲಾರಂ ಹಾಕಿಸೋ ಮೊದಲು: ಅದು ಕೂಗಿದಾಗ ಬರೋರು ಯಾರು?

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸುತ್ತಮುತ್ತ ಹೊಲದ ಶೆಡ್ ಅಂದ್ರೆ ಬರೀ ನಾಲ್ಕು ಜಿಂಕ್ ಶೀಟ್ ಅಲ್ಲ. ಒಳಗೆ ಬೋರಿನ ಸ್ಟಾರ್ಟರ್ ಇರುತ್ತೆ, ಮಿಕ್ಕಿದ ತಾಮ್ರದ ಕೇಬಲ್ ಸುರುಳಿ ಇರುತ್ತೆ, ಡ್ರಿಪ್ ಪೈಪು, ಔಷಧಿ ಹೊಡೆಯೋ ಪಂಪು, ಗೊಬ್ಬರದ ಮೂಟೆ ಇರುತ್ತೆ. ರೇಷ್ಮೆ ಬೆಳೆಯೋರಾದ್ರೆ ಚಂದ್ರಿಕೆಗಳೂ ಅಲ್ಲೇ. ಬೋರು ಸಾವಿರ ಅಡಿ ದಾಟಿರೋ ಈ ಸೀಮೆಯಲ್ಲಿ ಒಂದು ರಾತ್ರಿ ಕೇಬಲ್ ಹೋದ್ರೆ ನಷ್ಟ ಕೇಬಲ್‌ನದ್ದಷ್ಟೇ ಅಲ್ಲ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಇಡೀ ಬದುಕಿನ ಬಹುಪಾಲು ಸೊಪ್ಪು ತಿನ್ನೋದು ಆ ಕೊನೆಯ ವಾರದಲ್ಲೇ. ಅದಕ್ಕೆ ಸ್ವಲ್ಪ ಮುಂಚೆ ತೋಟಕ್ಕೆ ನೀರು ನಿಂತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಪ್ರತಿ ಮನೆಯಲ್ಲೂ ಒಬ್ಬರು ಹೊಲದಲ್ಲಿ ಮಲಗ್ತಾರೆ. ಸಾಮಾನ್ಯವಾಗಿ ವಯಸ್ಸಾದ ಅಪ್ಪ, ಇಲ್ಲಾಂದ್ರೆ ಕೂಲಿ ಆಳು. ಹಾವು, ಚಳಿ, ಕಳ್ಳ ಮೂರನ್ನೂ ಅವರೇ ಎದುರಿಸಬೇಕು. ಈ ಕಾವಲಿಗೆ ಯಾರೂ ಸಂಬಳ ಲೆಕ್ಕ ಹಾಕಲ್ಲ. ಅಲಾರಂ ಅನ್ನೋದು ಈ ಕೆಲಸವನ್ನ ಮೆಷಿನ್‌ಗೆ ವಹಿಸೋ ಪ್ರಯತ್ನ. ಎಲೆಕ್ಟ್ರಾನಿಕ್ಸ್ ಓದಿ ಆಮೇಲೆ ಬರವಣಿಗೆಗೆ ಬಂದವನಾಗಿ ಮೊದಲೇ ಒಂದು ಮಾತು ಹೇಳ್ಬೇಕು: ಈ ಮೆಷಿನ್ ಕಳ್ಳನನ್ನ ಹಿಡಿಯಲ್ಲ. ಕೂಗುತ್ತೆ, ಅಷ್ಟೇ.

ಲೆಕ್ಕ ಇರೋದು ನಿಮಿಷಗಳಲ್ಲಿ

ಯಾವುದೇ ಭದ್ರತಾ ವ್ಯವಸ್ಥೆಯಲ್ಲಿ ಮೂರು ಭಾಗ ಇರುತ್ತೆ: ಗೊತ್ತಾಗೋದು, ತಡೆಯೋದು, ಬಂದು ಸೇರೋದು. ಕಳ್ಳ ಬಂದ ಅಂತ ಗೊತ್ತಾದ ಕ್ಷಣದಿಂದ ಅವನು ಮಾಲು ಎತ್ತಿಕೊಂಡು ಹೊರಡೋ ತನಕ ಎಷ್ಟು ನಿಮಿಷ? ಅದೇ ಕ್ಷಣದಿಂದ ನಿಮ್ಮ ಕಡೆಯೋರು ಶೆಡ್ ಮುಟ್ಟೋಕೆ ಎಷ್ಟು ನಿಮಿಷ? ಎರಡನೆಯದು ಮೊದಲನೆಯದಕ್ಕಿಂತ ಕಮ್ಮಿ ಇದ್ರೆ ಮಾತ್ರ ಅಲಾರಂ ಕೆಲಸಕ್ಕೆ ಬಂತು ಅಂತ ಅರ್ಥ. ಜಾಸ್ತಿ ಇದ್ರೆ ಅದು ಕಳ್ಳತನದ ಸುದ್ದಿಯನ್ನ ಬೆಳಗ್ಗೆಗಿಂತ ಸ್ವಲ್ಪ ಬೇಗ ಮುಟ್ಟಿಸೋ ಯಂತ್ರ.

ಒಂದು ಶೆಡ್ ಕಲ್ಪಿಸಿಕೊಳ್ಳಿ. ಊರಿಂದ ಅರ್ಧ ಕಿಲೋಮೀಟರ್ ದೂರ. ಚಿಲಕ ಎರಡು ನಿಮಿಷದಲ್ಲಿ ಕಿತ್ತು ಬರುತ್ತೆ, ಒಳಗಿನ ಮಾಲು ಎತ್ತೋಕೆ ಇನ್ನೆರಡು ನಿಮಿಷ. ಎದ್ದು, ಟಾರ್ಚ್ ಹುಡುಕಿ, ಪಕ್ಕದ ಮನೆಯವರನ್ನ ಎಬ್ಬಿಸಿ, ಬೈಕ್‌ನಲ್ಲಿ ಹೊರಟು ತಲುಪೋಕೆ ಎಂಟು ನಿಮಿಷ. ಎಷ್ಟೇ ದುಬಾರಿ ಪ್ಯಾನೆಲ್ ತಂದ್ರೂ ಈ ನಾಲ್ಕು ನಿಮಿಷದ ಕೊರತೆ ತುಂಬಲ್ಲ. ಅದನ್ನ ತುಂಬೋದು ಕಬ್ಬಿಣ ಮತ್ತು ಕಾಂಕ್ರೀಟು.

ಅದಕ್ಕೇ ಮೊದಲ ಖರ್ಚು ಬಾಗಿಲಿಗೆ ಮಾಡಿ. ಚಿಲಕದ ಬೋಲ್ಟು ಬಾಗಿಲನ್ನ ದಾಟಿ ಒಳಗಡೆ ನಟ್ಟಿನಲ್ಲಿ ಬಿಗಿಯಾಗಿರಲಿ. ಬರೀ ಸ್ಕ್ರೂ ಹಾಕಿದ ಚಿಲಕಕ್ಕೆ ಎಷ್ಟು ದೊಡ್ಡ ಬೀಗ ಹಾಕಿದ್ರೂ ಒಂದೇ. ಕೀಲು ಹೊರಗಡೆ ಇದ್ರೆ ಅದರ ಪಿನ್ನಿಗೆ ವೆಲ್ಡಿಂಗ್ ಮಾಡಿಸಿ. ನೆಲದ ಕಾಂಕ್ರೀಟಿನಲ್ಲಿ ಒಂದು ಕಬ್ಬಿಣದ ಬಳೆ ಹೂತು ಕೇಬಲ್ ಸುರುಳಿ, ಪಂಪು, ಮೋಟರು ಎಲ್ಲವನ್ನೂ ಸರಪಳಿಯಲ್ಲಿ ಅದಕ್ಕೆ ಕಟ್ಟಿ. ಅಲಾರಂ ಬಾಗಿಲಲ್ಲಿ ಕೂಗಬೇಕು, ಸರಪಳಿ ಒಳಗೆ ತಡೀಬೇಕು. ಕ್ರಮ ಮುಖ್ಯ. ಮಾಲು ಹೊರಗೆ ಬಂದ ಮೇಲೆ ಕೂಗಿ ಏನು ಪ್ರಯೋಜನ?

ಯಾವ ಸೆನ್ಸರ್?

ಅಂಗಡಿಯವರು ಮೊದಲು ತೋರಿಸೋದು ಚಲನೆ ಗುರುತಿಸೋ ಪಿಐಆರ್ ಸೆನ್ಸರ್. ಅದು ಮೈ ಶಾಖಕ್ಕೂ ಹಿಂದಿನ ಗೋಡೆಯ ಶಾಖಕ್ಕೂ ಇರೋ ವ್ಯತ್ಯಾಸವನ್ನ ನೋಡುತ್ತೆ. ಏಪ್ರಿಲ್ ಮಧ್ಯಾಹ್ನ ಜಿಂಕ್ ಶೀಟ್ ಶೆಡ್ಡಿನ ಒಳಗೆ ಗೋಡೆಯೇ ಮೈಯಷ್ಟು ಬಿಸಿಯಾಗಿರುತ್ತೆ, ಆಗ ಸೆನ್ಸರ್ ಅರೆಗುರುಡು. ಊರಿಗೆ ಊರೇ ಮದುವೆಗೋ ಜಾತ್ರೆಗೋ ಹೋಗಿರೋ ಹೊತ್ತು ಅದೇ ಅನ್ನೋದು ನೆನಪಿರಲಿ. ರಾತ್ರಿ ಬೇರೆ ತಲೆನೋವು: ಬೆಕ್ಕು, ಹೆಗ್ಗಣ. ಹುಳು ಮನೆಯಾದ್ರೆ ಹೀಟರ್ ಬೇರೆ. ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದ ಅಲಾರಂ ಅನ್ನ ಐದನೇ ಸಲ ಯಾರೂ ನಂಬಲ್ಲ.

ಶೆಡ್ಡಿಗೆ ಒಗ್ಗೋದು ಬಾಗಿಲಿನ ಮ್ಯಾಗ್ನೆಟ್ ಸ್ವಿಚ್. ಚೌಕಟ್ಟಿಗೆ ಸ್ವಿಚ್, ಬಾಗಿಲಿಗೆ ಅಯಸ್ಕಾಂತ. ಬಾಗಿಲು ಸರಿದ್ರೆ ಸಂಪರ್ಕ ತಪ್ಪಿ ಅಲಾರಂ ಕೂಗುತ್ತೆ. ಪ್ಯಾನೆಲ್ ಸಾವಿರಗಳ ಲೆಕ್ಕವಾದ್ರೆ ಇದು ನೂರುಗಳ ಲೆಕ್ಕ. ಎರಡು ಎಚ್ಚರಿಕೆ ಇವೆ. ಮನೆಯ ಮರದ ಬಾಗಿಲಿಗೆ ಮಾಡಿದ ಚಿಕ್ಕ ಸ್ವಿಚ್ ಕಬ್ಬಿಣದ ಬಾಗಿಲಲ್ಲಿ ಸರಿಯಾಗಿ ಕೆಲಸ ಮಾಡಲ್ಲ, ಯಾಕಂದ್ರೆ ಕಬ್ಬಿಣ ಅಯಸ್ಕಾಂತದ ಬಲವನ್ನ ತಾನೇ ಎಳ್ಕೊಳ್ಳುತ್ತೆ. ಕಬ್ಬಿಣದ ಬಾಗಿಲಿಗೆ ಅಂತಲೇ ಬರೋ ದೊಡ್ಡ ಸ್ವಿಚ್ ಕೇಳಿ ತನ್ನಿ. ಎರಡನೆಯದು, ಗಾಳಿಗೆ ಬಾಗಿಲು ಅಲ್ಲಾಡೋದನ್ನ ಮೊದಲು ನಿಲ್ಲಿಸಿ, ಆಮೇಲೆ ಸ್ವಿಚ್ ಕೂರಿಸಿ.

ಆದ್ರೆ ಕಳ್ಳ ಬಾಗಿಲಿಂದಲೇ ಬರಬೇಕು ಅಂತೇನಿಲ್ಲ. ಶೀಟಿನ ಬೋಲ್ಟ್ ಬಿಚ್ಚಿ, ಶೀಟ್ ಎತ್ತಿ ಇಳೀಬಹುದು. ಅದಕ್ಕೊಂದು ಹಳೇ, ಅಗ್ಗದ ಉಪಾಯ ಇದೆ. ಶೀಟುಗಳ ಒಳಮೈಗೆ ಹೊಂದಿಸಿ ಒಂದು ತೆಳು ವೈರನ್ನ ಸುತ್ತಲೂ ಎಳೆದು, ಸರಪಳಿ ಕಟ್ಟಿದ ಮಾಲಿನ ಮೂಲಕವೂ ಹಾಯಿಸಿ ಪ್ಯಾನೆಲ್‌ಗೆ ವಾಪಸ್ ತನ್ನಿ. ವೈರು ಎಲ್ಲಿ ತುಂಡಾದ್ರೂ ಅಲಾರಂ ಕೂಗುತ್ತೆ.

ಇದರಲ್ಲೇ ಒಂದು ದೊಡ್ಡ ಪಾಠ ಇದೆ. ಜೋಡಿಸೋರಿಗೆ ಸ್ಪಷ್ಟವಾಗಿ ಹೇಳಿ: ‘ಸರ್ಕ್ಯೂಟ್ ಯಾವಾಗ್ಲೂ ಕೂಡಿಕೊಂಡಿರ್ಬೇಕು, ಬಿಟ್ಟುಹೋದ್ರೆ ಕೂಗ್ಬೇಕು.’ ಇದಕ್ಕೆ ನಾರ್ಮಲಿ ಕ್ಲೋಸ್ಡ್ ಅಂತಾರೆ. ಉಲ್ಟಾ ಜೋಡಿಸಿದ್ರೆ ವೈರ್ ಕತ್ತರಿಸಿದ ಕಳ್ಳನಿಗೆ ಅಲಾರಂ ಸಲಾಂ ಹೊಡೆಯುತ್ತೆ. ಇಲಿ ಕಡೀದಂತೆ ವೈರುಗಳನ್ನ ಪೈಪಿನೊಳಗೆ ಎಳೆಸಿ.

ಕೂಗು ಎಷ್ಟು ದೂರ ಕೇಳುತ್ತೆ?

ಸೈರನ್ ಡಬ್ಬದ ಮೇಲೆ 110 ಡೆಸಿಬಲ್ ಅಂತ ಬರೆದಿರುತ್ತೆ. ಅದು ಒಂದು ಮೀಟರ್ ದೂರದ ಲೆಕ್ಕ. ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. ಐನೂರು ಮೀಟರ್ ಆಚೆ ಉಳಿಯೋದು 56ರ ಆಸುಪಾಸು, ಅಂದ್ರೆ ಪಕ್ಕ ಕೂತೋರ ಮಾತಿನಷ್ಟು. ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಮಲಗಿದೋರಿಗೆ ಅದು ಕೇಳಲ್ಲ. ಸೈರನ್ ಇರೋದು ಕಳ್ಳನನ್ನ ಗಾಬರಿ ಮಾಡೋಕೆ. ನಿಮ್ಮನ್ನ ಎಬ್ಬಿಸೋಕೆ ಫೋನ್ ಕರೆ ಬೇಕು.

ಕರೆ ಮಾಡೋ ಅಲಾರಂ ಅಂದ್ರೆ ಸಿಮ್ ಹಾಕೋ ಪ್ಯಾನೆಲ್. ಕರೆಂಟ್ ಬಂತು, ಮೋಟರ್ ಆನ್ ಆಯ್ತು ಅಂತ ಫೋನ್ ಮಾಡೋ ಮೊಬೈಲ್ ಸ್ಟಾರ್ಟರ್ ಬಳಸೋ ರೈತರಿಗೆ ಇದು ಹೊಸದೇನಲ್ಲ. ಕೆಲವು ಸ್ಟಾರ್ಟರ್‌ಗಳಲ್ಲಿ ಕೇಬಲ್ ಕತ್ತರಿಸಿದ್ರೆ ತಿಳಿಸೋ ಸೌಲಭ್ಯವೂ ಇರುತ್ತೆ, ಹೊಸದು ಕೊಳ್ಳೋ ಮೊದಲು ಇರೋದನ್ನೇ ನೋಡಿ. ಅಗ್ಗದ ಪ್ಯಾನೆಲ್‌ಗಳಲ್ಲಿ ಬಹಳಷ್ಟು 2ಜಿ ಮಾತ್ರ ಬಲ್ಲವು. ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಹಾಕಿದ್ರೆ ಅಂಥ ಪ್ಯಾನೆಲ್ ಮೂಗ. ಒಂದೋ 4ಜಿ ಪ್ಯಾನೆಲ್ ತಗೊಳ್ಳಿ, ಇಲ್ಲವೇ 2ಜಿ ಇರೋ ಕಂಪನಿಯ ಸಿಮ್ ಹಾಕಿ. ಯಾವುದೇ ಆಗ್ಲಿ, ಶೆಡ್ಡಿನ ಒಳಗೇ ನಿಂತು ಸಿಗ್ನಲ್ ನೋಡಿ. ತಗಡು ಸಿಗ್ನಲ್ ತಡೆಯುತ್ತೆ, ಆಂಟೆನಾ ಹೊರಗಿರಲಿ.

ರೀಚಾರ್ಜ್ ಮರೆತ್ರೆ ಎಲ್ಲಾ ವ್ಯರ್ಥ. ಅಲಾರಂಗೆ ಡೇಟಾ ಬೇಡ, ಕರೆ ಮತ್ತು ಮೆಸೇಜ್ ಸಾಕು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ-ಮೆಸೇಜ್ ಮಾತ್ರ ಇರೋ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿದೆ. ಅಂಗಡಿಯಲ್ಲಿ ಅದನ್ನೇ ಕೇಳಿ.

ಕರೆಂಟ್ ಇಲ್ಲದಾಗ

ಪಂಪ್‌ಸೆಟ್ಟಿನ ತ್ರೀಫೇಸ್ ದಿನಕ್ಕೆ ಕೆಲವೇ ಗಂಟೆ ಬರೋದು. ಹಾಗಾಗಿ ಅಲಾರಂ ಬದುಕಬೇಕಾಗಿರೋದು ಬ್ಯಾಟರಿ ಮೇಲೆ. ಪ್ಯಾನೆಲ್ ಸುಮ್ಮನಿದ್ದಾಗ 100 ಮಿಲಿ ಆಂಪಿಯರ್ ಎಳೆಯುತ್ತೆ ಅಂತಿಟ್ಕೊಳ್ಳಿ, ದಿನಕ್ಕೆ 2.4 ಆಂಪಿಯರ್-ಅವರ್ ಆಯ್ತು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುರಕ್ಷಿತವಾಗಿ ಬಳಸಬಹುದಾದದ್ದು ಸುಮಾರು 5. ಅಂದ್ರೆ ಎರಡು ದಿನ. ಮಳೆಗಾಲದಲ್ಲಿ ಕಂಬ ಬಿದ್ದು ಮೂರು ದಿನ ಕರೆಂಟ್ ಹೋದ್ರೆ ಸಾಲಲ್ಲ. ಒಂದು ಚಿಕ್ಕ ಸೋಲಾರ್ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ ಸೇರಿಸಿ. ಕರೆಂಟ್ ಹೋದಾಗಲೂ ಬ್ಯಾಟರಿ ಇಳಿದಾಗಲೂ ಮೆಸೇಜ್ ಕಳಿಸೋ ಮಾಡೆಲ್ ಆದ್ರೆ ಒಳ್ಳೇದು.

ಕಳ್ಳನಿಗೆ ಬುದ್ಧಿ ಕಲಿಸ್ತೀನಿ ಅಂತ ಬಾಗಿಲಿಗೋ ಬೇಲಿಗೋ ನೇರ ಕರೆಂಟ್ ಬಿಡೋದು ಮಾತ್ರ ಬೇಡವೇ ಬೇಡ. ಅದು ಅಪರಾಧ. ಮುಟ್ಟೋರು ಕಳ್ಳರೇ ಆಗಿರಬೇಕಿಲ್ಲ, ಬೆಳಗ್ಗೆ ಸೊಪ್ಪು ಕೊಯ್ಯೋಕೆ ಬಂದ ನಿಮ್ಮ ಮನೆಯೋರೇ ಆಗಬಹುದು.

ಕ್ಯಾಮೆರಾ ಹಾಕಿದ್ರೆ ಸಾಲ್ದಾ?

ಕ್ಯಾಮೆರಾ ಬಹುಮಟ್ಟಿಗೆ ನಡೆದದ್ದನ್ನ ತೋರಿಸುತ್ತೆ, ಅಲಾರಂ ನಡೀತಿರೋದನ್ನ ಹೇಳುತ್ತೆ. ದುಡ್ಡು ಒಂದಕ್ಕೇ ಇದ್ರೆ ಅಲಾರಂ ಮೊದಲು. ಕ್ಯಾಮೆರಾ ಹಾಕಿಸಿದ್ರೂ ಹೊರಗೆ, ಬಾಗಿಲ ಕಡೆ ಹಾಕಿಸಿ, ಬಂದಾಗ ಇದ್ದ ಪಾಸ್‌ವರ್ಡ್ ಬದಲಿಸಿ. ಹೆಣ್ಣುಮಕ್ಕಳು ಕೂತು ಕೆಲಸ ಮಾಡೋ, ಬಟ್ಟೆ ಬದಲಿಸೋ, ಮಧ್ಯಾಹ್ನ ಒರಗೋ ಜಾಗ ಅದು. ಅವರಿಗೆ ಹೇಳದೆ ಒಳಗೆ ಕ್ಯಾಮೆರಾ ಇಡೋದು ಭದ್ರತೆ ಅಲ್ಲ.

ಠಾಣೆಗೆ ಹೋಗೋ ಮೊದಲು ಗೊತ್ತಿರಬೇಕಾದ್ದು

2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ರೈತರಿಗೆ ತಾಕೋ ಒಂದು ವ್ಯತ್ಯಾಸ ಇದೆ. ಸಾಮಾನ್ಯ ಕಳ್ಳತನ ಕಲಂ 303. ಅದರಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ ಇದ್ರೆ ಅದು ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಬಯಲಲ್ಲಿದ್ದ ನಾಲ್ಕು ಸಾವಿರದ ಕೇಬಲ್ ತುಂಡು ಈ ಲೆಕ್ಕಕ್ಕೆ ಸೇರುತ್ತೆ. ನೀರಿಲ್ಲದೆ ಒಣಗಿದ ತೋಟ ಆ ಬೆಲೆಯಲ್ಲಿ ಬರಲ್ಲ. ನಗರದಲ್ಲಿ ಕೂತು ಬರೆದ ಐದು ಸಾವಿರದ ಗೆರೆ ಹೊಲದಲ್ಲಿ ಹೀಗೆ ಕಾಣುತ್ತೆ.

ಆದ್ರೆ ವಾಸಕ್ಕೋ ಮಾಲು ಇಡೋಕೋ ಬಳಸೋ ಕಟ್ಟಡದಿಂದ ಕದ್ದರೆ ಕಲಂ 305 ಬರುತ್ತೆ, ಏಳು ವರ್ಷದವರೆಗೆ ಶಿಕ್ಷೆ, ಸಂಜ್ಞೇಯ ಅಪರಾಧ. ಮಾಲನ್ನ ಶೆಡ್ಡಿನೊಳಗೆ ಇಟ್ಟು ಬೀಗ ಹಾಕೋಕೆ ಇದೂ ಒಂದು ಕಾರಣ. ದೂರಿನಲ್ಲಿ ‘ಬೀಗ ಹಾಕಿದ ದಾಸ್ತಾನು ಶೆಡ್ಡಿನಿಂದ’ ಅಂತ ಸ್ಪಷ್ಟವಾಗಿ ಬರೀರಿ. ಬಿಲ್ಲುಗಳ ಫೋಟೋ ಮೊಬೈಲ್‌ನಲ್ಲಿರಲಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ದೂರನ್ನ ಆನ್‌ಲೈನ್‌ನಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದಾಖಲಿಸದಿದ್ರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ.

ಪ್ಯಾನೆಲ್ ಮಾಡಿದ ಕರೆಯ ಸಮಯವೂ ಒಂದು ದಾಖಲೆ. ಇದು ಕಳ್ಳನನ್ನ ಹಿಡಿಯೋಕೆ ಮಾತ್ರ ಅಲ್ಲ. ಊರಲ್ಲಿ ಕಳ್ಳತನ ಆದಾಗ ಅನುಮಾನ ಮೊದಲು ಬೀಳೋದು ಯಾರ ಮೇಲೆ? ಹೊರಗಿಂದ ಬಂದ ಕೂಲಿಯವರ ಮೇಲೆ, ಊರಾಚೆ ಟೆಂಟ್ ಹಾಕಿರೋ ಅಲೆಮಾರಿಗಳ ಮೇಲೆ. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನ ಕಳ್ಳರು ಅಂದ 1871ರ ಬ್ರಿಟಿಷ್ ಕಾಯ್ದೆ ರದ್ದಾಗಿದ್ದು 1952ರಲ್ಲಿ, ಮನಸ್ಸಿಂದ ಇನ್ನೂ ಹೋಗಿಲ್ಲ. ‘ರಾತ್ರಿ 2.10ಕ್ಕೆ ಬಾಗಿಲು ತೆರೀತು’ ಅನ್ನೋ ಒಂದು ಸಾಲು, ಆ ಹೊತ್ತಲ್ಲಿ ಬೇರೆಲ್ಲೋ ಇದ್ದ ಬಡವನನ್ನ ಉಳಿಸಬಹುದು.

ಮೊದಲ ನಂಬರ್ ಯಾರದ್ದು?

ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕೈದು ನಂಬರ್ ಹಾಕಬಹುದು, ಒಂದಾದ ಮೇಲೊಂದಕ್ಕೆ ಕರೆ ಹೋಗುತ್ತೆ. ಹೆಚ್ಚಿನ ಮನೆಗಳಲ್ಲಿ ಮೊದಲ ನಂಬರ್ ಬೆಂಗಳೂರಲ್ಲಿರೋ ಮಗಂದು, ಯಾಕಂದ್ರೆ ಅದನ್ನ ಕೊಡಿಸಿದ್ದೂ ಸೆಟ್ ಮಾಡಿದ್ದೂ ಅವನೇ. ಯಲಹಂಕದ ರೂಮಲ್ಲಿ ಎದ್ದು ಕೂತು ಅವನೇನು ಮಾಡ್ತಾನೆ? ಅಪ್ಪನಿಗೇ ಫೋನ್ ಮಾಡ್ತಾನೆ. ಅಲ್ಲಿಗೆ ಎರಡು ನಿಮಿಷ ಹೋಯ್ತು.

ಮೊದಲ ನಂಬರ್ ಶೆಡ್ಡಿಗೆ ಹತ್ತಿರ ಮಲಗೋರದ್ದಾಗಿರಲಿ, ಅವರು ನಿಮ್ಮ ನೆಂಟರಲ್ಲದಿದ್ರೂ ಸರಿ, ಬದುವಿನ ಜಗಳ ಇದ್ರೂ ಸರಿ. ಅವರ ಶೆಡ್ಡಿನ ಪಟ್ಟಿಯಲ್ಲಿ ನಿಮ್ಮ ನಂಬರ್ ಮೊದಲಿರಲಿ. ಎರಡನೆಯದು ಮನೆ, ಮೂರನೆಯದು ಬೈಕ್ ಇರೋ ಹುಡುಗ, ಕೊನೆಗೆ ಬೆಂಗಳೂರು. ಕರೆ ಬಂದೋರು 112ಕ್ಕೆ ಫೋನ್ ಮಾಡಿ, ಇನ್ನೊಬ್ಬರನ್ನ ಕರ್ಕೊಂಡೇ ಹೊರಡಬೇಕು. ಒಬ್ಬರೇ ಹೋಗೋ ಹಾಗಿಲ್ಲ. ದೂರದಿಂದಲೇ ಲೈಟ್ ಹಾಕಿ, ಕೂಗಾಡಿ. ಕಳ್ಳ ಓಡಿಹೋದ್ರೆ ಅದು ಗೆಲುವೇ, ಕೇಬಲ್‌ಗಾಗಿ ಜೀವ ಕೊಡೋದು ಬೇಡ.

ಜೋಡಿಸಿದ ವಾರದಲ್ಲೇ ಎಲ್ಲರಿಗೂ ಹೇಳಿ ಒಂದು ರಾತ್ರಿ ನೀವೇ ಬಾಗಿಲು ತೆಗೀರಿ, ಗಡಿಯಾರ ಹಿಡಿದು ಕೂತ್ಕೊಳ್ಳಿ. ಮೊದಲನೆಯವರು ಎಷ್ಟು ನಿಮಿಷಕ್ಕೆ ಬಂದ್ರು? ಆ ನಿಮಿಷಕ್ಕಿಂತ ನಿಮ್ಮ ಸರಪಳಿ ಜಾಸ್ತಿ ಹೊತ್ತು ತಡೆಯುತ್ತಾ? ತಿಂಗಳಿಗೊಮ್ಮೆ ಹಗಲಲ್ಲೂ ಒಮ್ಮೆ ಕೂಗಿಸಿ ನೋಡಿ.

ಉಳಿದದ್ದನ್ನ ಗ್ರಾಮಸಭೆಯಲ್ಲಿ ಕೇಳಿ. ಹೊಲದ ದಾರಿಗೆ ದೀಪ ಯಾಕಿಲ್ಲ? ನಮ್ಮ ಬೀಟ್ ಕಾನ್‌ಸ್ಟೆಬಲ್ ಯಾರು, ರಾತ್ರಿ ಈ ಕಡೆ ಯಾವಾಗ ಬರ್ತಾರೆ? ಸುಟ್ಟು ಸಿಪ್ಪೆ ತೆಗೆದ ತಾಮ್ರ ಕೊಳ್ಳೋ ಗುಜರಿ ಅಂಗಡಿಗಳ ಪುಸ್ತಕವನ್ನ ಯಾರಾದ್ರೂ ನೋಡ್ತಾರಾ? ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳೋದು ಕಲಂ 317ರ ಪ್ರಕಾರ ಅಪರಾಧ. ಕೊಳ್ಳೋರು ಇರೋ ತನಕ ಕದಿಯೋರು ಇರ್ತಾರೆ, ಆ ಕಡೆ ನೋಡೋದು ನಿಮ್ಮ ಅಲಾರಂನ ಕೆಲಸ ಅಲ್ಲ, ಸರ್ಕಾರದ್ದು.