ಆಟದ ಕಾರಿನ ನೀಲಿ ಬಣ್ಣ ಮತ್ತು ರಾಜಾಜಿನಗರದ ತೊಟ್ಟಿಗಳು

ಬಸವೇಶ್ವರನಗರದ ಗೆಳೆಯನ ಮನೆಯ ಟೆರೇಸಿನಲ್ಲಿ ಒಂದು ರಿಮೋಟ್ ಬಗ್ಗಿ ಬಿಚ್ಚಿಕೊಂಡು ಬಿದ್ದಿತ್ತು. ಮಣ್ಣಿನ ದಿಬ್ಬ ಹಾರಿಸುವ, ಮೊಳದುದ್ದದ ರೇಸಿನ ಕಾರು. ಅದರ ಶಾಕ್ ಅಬ್ಸಾರ್ಬರಿಗೆ ನವಿಲಿನ ಕತ್ತಿನಂಥ ನೀಲಿ. 'ಪೇಂಟ್ ಅಲ್ಲ ಕಣೋ, ಉಗುರಲ್ಲಿ ಕೆರೆದು ನೋಡು' ಅಂದ. ಕೆರೆದೆ, ಬರಲಿಲ್ಲ. ಒಂದು ಭಾಗ ಮುರಿದಾಗ ಅಂಥದ್ದನ್ನೇ ಲೇತಿನಲ್ಲಿ ಮಾಡಿಸಿ, ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ಬಣ್ಣ ಹಿಡಿಸಿ ತಂದಿದ್ದನಂತೆ.

ಆ ಕೆಲಸದ ಹೆಸರು ಆನೋಡೈಸಿಂಗ್. ಅಲ್ಯೂಮಿನಿಯಂ ತುಂಡನ್ನು ಗಂಧಕಾಮ್ಲದ ತೊಟ್ಟಿಗೆ ಇಳಿಬಿಟ್ಟು ಕರೆಂಟ್ ಹರಿಸುತ್ತಾರೆ. ಲೋಹದ ಮೈಯೇ ಆಕ್ಸೈಡ್ ಆಗಿ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಅದರ ತುಂಬಾ. ಅವುಗಳೊಳಗೆ ಬಣ್ಣ ಇಳಿಸಿ, ಕುದಿಯುವ ನೀರಿನಲ್ಲಿ ಅದ್ದಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಬಣ್ಣ ಲೋಹದ ಮೇಲಲ್ಲ, ಚರ್ಮದೊಳಗೆ ಇರುತ್ತದೆ.

ಇದು ಚಂದಕ್ಕೆಂದು ಹುಟ್ಟಿದ್ದಲ್ಲ. 1923ರಲ್ಲಿ ಬ್ರಿಟನ್ನಿನಲ್ಲಿ ಸಮುದ್ರವಿಮಾನಗಳ ಭಾಗಗಳು ಉಪ್ಪುನೀರಿಗೆ ತಿಂದುಹೋಗದಿರಲಿ ಎಂದು ಕ್ರೋಮಿಕ್ ಆಮ್ಲದಲ್ಲಿ ಶುರುವಾಯಿತು. 1927ರಲ್ಲಿ ಗಂಧಕಾಮ್ಲದ ವಿಧಾನ ಬಂತು, ಬಣ್ಣ ಚೆನ್ನಾಗಿ ಹಿಡಿಯುವುದು ಇದರಲ್ಲೇ. 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಕಂಪನಿ ಆರ್‌ಸಿ10 ಎಂಬ ಬಗ್ಗಿಯನ್ನು ಚಿನ್ನದ ಬಣ್ಣದ ಅಲ್ಯೂಮಿನಿಯಂ ತಳದೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ಸಮುದ್ರವಿಮಾನದ ಕವಚ ಆಟಿಕೆಯ ಒಡವೆಯಾಯಿತು.

ಮೇಲಿನ ಬಾಡಿಯ ಕಥೆ ಬೇರೆ. ಅದು ತೆಳುವಾದ, ಪಾರದರ್ಶಕ ಪಾಲಿಕಾರ್ಬೊನೇಟ್. ಬಣ್ಣ ಒಳಗಿನಿಂದ ಬಳಿಯಬೇಕು: ಮೊದಲು ಗೆರೆ, ಅಂಕಿ, ಕೊನೆಗೆ ಹಿನ್ನೆಲೆ. ಕಲ್ಲು ಹೊಡೆದರೂ ಪೇಂಟಿಗೆ ಗಾಯವಿಲ್ಲ. ಮೈಸೂರು ಸೀಮೆಯ ಹಳೆಯ ಗಾಜಿನ ಚಿತ್ರಗಳನ್ನು ಬರೆಯುತ್ತಿದ್ದದ್ದೂ ಹೀಗೇ, ಗಾಜಿನ ಹಿಂಬದಿಗೆ, ಒಡವೆಗಳನ್ನು ಮೊದಲು ಬರೆದು. ಗೆಳೆಯನಿಗೆ ಇದನ್ನು ಹೇಳಿದೆ, ಅವನಿಗೆ ಅಷ್ಟೇನೂ ಆಸಕ್ತಿ ಬರಲಿಲ್ಲ.

ಕಾಮಾಕ್ಷಿಪಾಳ್ಯಕ್ಕೆ ಈ ತೊಟ್ಟಿಗಳು ಬಂದದ್ದಕ್ಕೂ ಆಟಿಕೆಗೂ ಸಂಬಂಧವಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ದೊಡ್ಡ ಕಾರ್ಖಾನೆಗಳು ಎಲ್ಲ ನಟ್ಟು ಬೋಲ್ಟನ್ನೂ ತಾವೇ ಮಾಡಿಕೊಳ್ಳಲಾರವು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತು, ನಾಲ್ಕು ಜನರ ವರ್ಕ್‌ಶಾಪುಗಳು ತುಂಬಿಕೊಂಡವು. ಒಬ್ಬ ಕೊರೆಯುತ್ತಾನೆ, ಒಬ್ಬ ಬಫಿಂಗ್ ಮಾಡುತ್ತಾನೆ, ಇನ್ನೊಬ್ಬ ಪ್ಲೇಟಿಂಗ್. ಮಾಗಡಿ ರಸ್ತೆಯ ಕಡೆಯಿಂದ, ನಮ್ಮಂಥ ಊರುಗಳಿಂದ ಬಂದ ಹುಡುಗರೇ ಈ ಕೆಲಸಕ್ಕೆ ಸೇರಿದವರಲ್ಲಿ ಅನೇಕರು. ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಿದವರ ಬೆರಳು ನೋಡಿದರೆ ಗೊತ್ತಾಗುತ್ತದೆ.

ಫಿನಿಶಿಂಗ್ ಕೆಲಸದಲ್ಲಿ ಆಮ್ಲಕ್ಕಿಂತ ಹೆಚ್ಚು ಖರ್ಚಾಗುವುದು ನೀರು. ಕಾಸ್ಟಿಕ್ಕಿನಿಂದ ಎತ್ತಿದಾಗ ತೊಳೆ, ಆಮ್ಲದಿಂದ ಎತ್ತಿದಾಗ ತೊಳೆ, ಬಣ್ಣದಿಂದ ಎತ್ತಿದಾಗ ತೊಳೆ. ಕ್ರೋಮ್ ಪ್ಲೇಟಿಂಗಿನ ತೊಳೆನೀರಿನಲ್ಲಂತೂ ವಿಷಕಾರಿ ಕ್ರೋಮಿಯಂ ಇರುತ್ತದೆ. ನೀರಿನ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಅಷ್ಟರೊಳಗೆ ಪಶ್ಚಿಮ ಬೆಂಗಳೂರಿನ ಮೋರಿಗಳಿಗೆ ತಮ್ಮ ದಾರಿ ಗೊತ್ತಾಗಿತ್ತು. ಅದು ವೃಷಭಾವತಿಯ ದಾರಿ.

ನಾಯಂಡಹಳ್ಳಿ, ಕೆಂಗೇರಿ ದಾಟಿ, ಮೈಸೂರು ರಸ್ತೆಯ ಪಕ್ಕದಲ್ಲೇ ನೊರೆ ಎಬ್ಬಿಸುತ್ತಾ ಹೋಗುವ ಹೊಳೆ ಅದು. ಎಲ್ಲ ಪಾಪವನ್ನೂ ಶೆಡ್ಡುಗಳ ತಲೆಗೆ ಕಟ್ಟುವುದು ಅನ್ಯಾಯ, ಹೊಳೆಯಲ್ಲಿ ಹರಿಯುವುದರಲ್ಲಿ ಹೆಚ್ಚಿನ ಪಾಲು ನಮ್ಮೆಲ್ಲರ ಮನೆಗಳ ಚರಂಡಿ ನೀರು. ಆದರೆ ಚರಂಡಿ ನೀರು ಕೊಳೆತು ಕರಗೀತು, ಲೋಹ ಕರಗಿ ಮಾಯವಾಗುವುದಿಲ್ಲ. ಕೆಸರಿನಲ್ಲಿ ಕೂರುತ್ತದೆ.

ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ಬರುವುದು ಇದೇ ನೀರು. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಬೇಬಿ ಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆ. ಗದ್ದೆಗಿಳಿದರೆ ಕಾಲು ತುರಿಕೆ ಎಂಬುದು ಅಲ್ಲಿನ ರೈತರ ಹಳೆಯ ದೂರು. ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋದರೆ ಚನ್ನಪಟ್ಟಣ. ಅಲ್ಲಿಯೂ ಆಟಿಕೆಗೆ ಬಣ್ಣ ಹಚ್ಚುತ್ತಾರೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ. ಅದಕ್ಕೆ ತೊಟ್ಟಿ ಬೇಡ, ತೊಳೆನೀರೂ ಇಲ್ಲ.

ಗೆಳೆಯ ಮುಂದಿನ ವಾರ ಇನ್ನೆರಡು ತುಂಡು ಕೊಡಲು ಹೋಗುತ್ತಾನೆ. ಈ ಸಲ ನೇರಳೆ ಬಣ್ಣವಂತೆ. ನಾನೂ ಜೊತೆಗೆ ಹೋಗುತ್ತೇನೆ, ತೊಳೆದ ನೀರು ಎಲ್ಲಿಗೆ ಬಿಡ್ತೀರಣ್ಣ ಅಂತ ಕೇಳುವುದಿದೆ.